ನಾಲ್ಕು ಹಿಡಿಕೆಯ ಚೀಲ

ಅವರ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಒಂದು ಸಣ್ಣ ಹಳ್ಳವಿತ್ತು. ದಪ್ಪ ಬಟ್ಟೆಯೊಳಗೆ ದಬ್ಬಳ ನುಗ್ಗಿಸುವಾಗ ಅದರ ಹಿಂಬದಿಯನ್ನು ಉಗುರಿನಿಂದ ಒತ್ತುವ ಅಭ್ಯಾಸ. ವರ್ಷಗಟ್ಟಲೆ ಒತ್ತಿ ಒತ್ತಿ ಬಿದ್ದ ಹಳ್ಳ ಅದು. ಹೊಲಿಯುತ್ತ ಕೂತರೆ ಬಾಯಿಯ ಎಡಮೂಲೆಯಲ್ಲಿ ಮೇಣ ತಿಕ್ಕಿದ ದಾರದ ತುದಿ ಇರುತ್ತಿತ್ತು, ಮಾತು ಬಲಮೂಲೆಯಿಂದ ಬರುತ್ತಿತ್ತು. ಹಾಗಾಗಿ ಅವರು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸುತ್ತಿರಲಿಲ್ಲ. ಕೇಳಿಸಿದ ಅರ್ಧ ಅರ್ಥವಾಗುತ್ತಿರಲಿಲ್ಲ. ಅವರು ಹೋಗಿ ಇಷ್ಟು ಕಾಲವಾದ ಮೇಲೂ ನಾನು ಅದನ್ನೇ ಬಿಡಿಸುತ್ತ ಕೂತಿದ್ದೇನೆ.

ಬಹ್ರೇನಿನ ಗುಫೂಲ್ ಬಡಾವಣೆಯಲ್ಲಿ ನಾವಿದ್ದ ಕಟ್ಟಡದ ಕೆಳಗೇ ಅವರ ಅಂಗಡಿ. ನಾನು ಹುಬ್ಬಳ್ಳಿಯವಳು, ಒಂದು ಕಚೇರಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಗಂಡನಿಗೆ ಸಿತ್ರಾದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಕಂಪನಿ ಬಸ್ಸಿಗೆ ಕಾಯುವಾಗ ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು, ಪರಿಚಯ ಹಾಗೆ ಆದದ್ದು. ಅಂಗಡಿಯ ತುಂಬ ಟೆಂಟು, ಮಲಗುವ ಚೀಲ, ಮಡಚುವ ಕುರ್ಚಿ, ಲಾಟೀನು, ಕಬ್ಬಿಣದ ಗೂಟ. ನಮ್ಮ ಹುಬ್ಬಳ್ಳಿಯಲ್ಲಿ ಮನೆಯಿದ್ದೂ ಬಯಲಲ್ಲಿ ಹೋಗಿ ಮಲಗುವವರನ್ನು ಯಾರೂ ಮರ್ಯಾದೆಯಿಂದ ಮಾತಾಡಿಸುವುದಿಲ್ಲ. ಇಲ್ಲಿ ಚಳಿಗಾಲ ಬಂದರೆ ಬಹ್ರೇನಿನ ಕುಟುಂಬಗಳು ಸಖೀರಿನ ಮರುಭೂಮಿಗೆ ಹೊರಡುತ್ತವೆ. ಟೆಂಟು ಹೊಡೆದು, ಜಮಖಾನ ಹಾಸಿ, ಟೀವಿ ಇಟ್ಟು, ಬೇಸಗೆ ಮೂಗು ತೋರಿಸುವವರೆಗೆ ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಇರುತ್ತಾರೆ. ಅವರೆಲ್ಲರ ಟೆಂಟು ಹರಿದರೆ ಬರುವುದು ಇವರ ಬಳಿಗೆ.

ಇವರು ಮಂಗಳೂರು ಕಡೆಯವರು. ಮನೆಮಾತು ಕೊಂಕಣಿ, ಭಾನುವಾರದ ಬದಲು ಇಲ್ಲಿಯ ಪದ್ಧತಿಯಂತೆ ಶುಕ್ರವಾರ ಚರ್ಚಿಗೆ ಹೋಗುವವರು. ಹೆಂಡತಿ ನಾವು ಬರುವ ಮುಂಚೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನನ್ನ ಮಗಳು ಅವರನ್ನು ಟೆಂಟ್ ಅಂಕಲ್ ಅಂದಳು, ಆಮೇಲೆ ಇಡೀ ಕಟ್ಟಡಕ್ಕೆ ಅವರು ಟೆಂಟ್ ಅಂಕಲ್ ಆದರು. ಅವರು ಮಾತ್ರ ನನ್ನನ್ನು ಕೊನೆಯವರೆಗೂ ಮೇಡಂ ಅಂದರು. ಅದರಲ್ಲಿ ಮರ್ಯಾದೆ ಎಷ್ಟು, ತಮಾಷೆ ಎಷ್ಟು ಅಂತ ನನಗೆ ಗೊತ್ತಾಗಲಿಲ್ಲ.

ಮೊದಲ ಸಲ ಟೆಂಟು ಕೊಳ್ಳಲು ಹೋದಾಗ ಅವರು ಬೆಲೆ ಹೇಳಲಿಲ್ಲ. ನಿಮಗೆ ಟೆಂಟು ಯಾಕೆ ಅಂದರು. ಎಲ್ಲರೂ ಹೋಗುತ್ತಾರಲ್ಲ, ನಾವೂ ಒಮ್ಮೆ ಹೋಗೋಣ ಅಂತ ಅಂದೆ. ಒಮ್ಮೆಗೆ ಟೆಂಟು ಯಾಕೆ, ಹಳೆಯದೊಂದಿದೆ, ತೆಗೆದುಕೊಂಡು ಹೋಗಿ ತಂದುಕೊಡಿ ಅಂದರು. ನನಗೆ ರೋಷ ಬಂತು. ಹೊಸದೇ ಬೇಕು ಅಂತ ಹಟ ಹಿಡಿದೆ. ಆಗ ಅವರು ಪೆಟ್ಟಿಗೆ ಇಳಿಸಿ, ಟೆಂಟಿಗೆ ಕಟ್ಟಿದ್ದ ಒಂದು ಹಸಿರು ಕಾರ್ಡನ್ನು ಕತ್ತರಿಸಿ ಬುಟ್ಟಿಗೆ ಎಸೆದರು. ಏನು ಅಂತ ಹೆಕ್ಕಿ ನೋಡಿದರೆ, ಈ ಟೆಂಟು ಕೊಂಡದ್ದಕ್ಕೆ ತಯಾರಿಸಿದ ಕಂಪನಿ ಯಾವುದೋ ಬಡವರ ಊರಿನಲ್ಲಿ ಒಂದು ಮರ ನೆಡುತ್ತದೆ ಅಂತ ಬರೆದಿತ್ತು. ಒಳ್ಳೆಯ ಕೆಲಸವಲ್ಲವೇ, ಯಾಕೆ ಎಸೆದಿರಿ ಅಂತ ಕೇಳಿದೆ.

“ಯಾವ ಊರು, ಯಾರ ಮನೆ, ಎಂತದೂ ಬರೆದಿಲ್ಲ ನೋಡಿ,” ಅಂದರು. “ಇವರ ಮರಕ್ಕೆ ಅಡ್ರೆಸ್ಸೇ ಇಲ್ಲ. ನಿಮಗೆ ಯಾವ ಹಣ್ಣು ಇಷ್ಟ ಹೇಳಿ.”

ಪೇರಲ ಅಂದೆ. ಧಾರವಾಡದ ಪಕ್ಕದವರಿಗೆ ಬೇರೆ ಉತ್ತರ ಬಾಯಿಗೆ ಬರುವುದಿಲ್ಲ. ಆಯ್ತು, ಪೇರಳೆ ಅಂತ ತಮ್ಮ ಮಂಗಳೂರಿನ ರೀತಿಯಲ್ಲಿ ಹೇಳಿಕೊಂಡು ತಲೆಯಾಡಿಸಿದರು. ಮೂಡಬಿದ್ರೆ ಕಡೆ ಒಂದು ಕೆಂಪುಕಲ್ಲಿನ ಕೋರೆಯಿದೆ, ಅಲ್ಲಿ ಕಲ್ಲು ಕಡಿಯುವವರ ಸಾಲುಮನೆಗಳಿವೆ, ನಿಮ್ಮ ಬಾಗಲಕೋಟೆ, ಗದಗದ ಕಡೆಯ ಜನ, ಅವರ ಅಂಗಳದಲ್ಲಿ ನಿಮ್ಮ ಹೆಸರಿನಲ್ಲಿ ಒಂದು ಪೇರಳೆ ಬರುತ್ತದೆ ಅಂದರು. ಊರಲ್ಲಿ ಬಾಲವಾಡಿ ಟೀಚರಾಗಿದ್ದ ತಂಗಿಗೆ ಶುಕ್ರವಾರ ಮಧ್ಯಾಹ್ನ ಫೋನು ಮಾಡಿ ಆ ವಾರ ಮಾರಿದ ಟೆಂಟುಗಳಿಗೆ ತಕ್ಕ ಸಸಿಗಳನ್ನು ಹೇಳುತ್ತಿದ್ದರು. ಆಕೆ ನರ್ಸರಿಯಿಂದ ತಂದು ಆ ಮನೆಗಳಿಗೆ ಕೊಡುತ್ತಿದ್ದರು. ಕಂಪನಿಯ ಕಾರ್ಡಿನಿಂದ ಕಲಿತದ್ದೇ, ಆದರೆ ಮರಕ್ಕೆ ಅಡ್ರೆಸ್ಸು ಕೊಟ್ಟು. ಬಹ್ರೇನಿನ ಗಿರಾಕಿಗಳಿಗೂ ಅದೇ ಪ್ರಶ್ನೆ. ಅರಬ್ಬಿಯಲ್ಲಿ ಕೇಳುತ್ತಿದ್ದರು, ಅವರು ನಗುತ್ತ ದಾಳಿಂಬೆ, ಅಂಜೂರ ಅಂತ ಹೇಳಿ ಹೋಗುತ್ತಿದ್ದರು.

ನನ್ನ ಗೊಂದಲ ಶುರುವಾದದ್ದು ಆ ಮೇಲೆ. ಟೆಂಟು ಹೆಚ್ಚು ಮಾರಿದರೆ ಮರ ಹೆಚ್ಚು, ಇದು ಮೂರನೇ ಇಯತ್ತೆಯ ಲೆಕ್ಕ. ಈ ಮನುಷ್ಯ ನೋಡಿದರೆ ಟೆಂಟು ಮಾರದೇ ಇರುವುದಕ್ಕೆ ಹಗಲೆಲ್ಲ ಒದ್ದಾಡುತ್ತಿದ್ದರು. ಹೊಸದು ಕೇಳಿ ಬಂದವರಿಗೆ ಹಳೆಯದನ್ನು ಹೊಲಿದು ಕೊಡುವುದು, ಗೂಟ ಕಳೆದುಕೊಂಡವರಿಗೆ ಗೂಟವಷ್ಟೇ ಕೊಟ್ಟು ಕಳಿಸುವುದು. ಒಂದು ವರ್ಷ ನಾವು ಕನ್ನಡದ ಕುಟುಂಬಗಳೆಲ್ಲ ಸೇರಿ, ಪುಣ್ಯವೂ ಆಯಿತು ಪ್ರವಾಸವೂ ಆಯಿತು ಅಂತ ಮನೆಗೊಂದು ಟೆಂಟು ಕೊಳ್ಳುವ ಯೋಜನೆ ಹಾಕಿದೆವು. ಜಿಂಜ್ ಬಡಾವಣೆಯಿಂದ ಎಲ್ಲ ಕಾರು ಕಟ್ಟಿಕೊಂಡು ಬಂದರು. ಇವರು ದಾರವನ್ನು ಬಾಯಿಂದ ತೆಗೆಯದೆ, ನಿಮಗೆಲ್ಲ ಸೇರಿ ಎರಡು ಸಾಕು ಅಂದುಬಿಟ್ಟರು. ಮರಕ್ಕೋಸ್ಕರ ಅಲ್ಲವೇ ಅಂಕಲ್ ಅಂತ ನಾನು ವಾದಿಸಿದೆ.

“ಮರ ಲಂಚ ಅಲ್ಲ ಮೇಡಂ,” ಅಂದರು. “ಟೆಂಟ್ ಬೇಕಾದ್ರೆ ಟೆಂಟ್ ತಗೊಳ್ಳಿ.”

ಜಿಂಜ್‌ನವರು ಮುಖ ಊದಿಸಿಕೊಂಡು ಹೋದರು. ವ್ಯಾಪಾರಿಯೋ ಸನ್ಯಾಸಿಯೋ ಒಂದು ಗಟ್ಟಿ ಮಾಡಿಕೊಳ್ಳಲಿ ಅಂತ ನನ್ನ ಗಂಡ ಗೊಣಗಿದರು. ಅಂಗಡಿಯ ಲೈಸೆನ್ಸ್ ಯಾರ ಹೆಸರಿನಲ್ಲಿತ್ತೋ ಆ ಅರ್ಬಾಬ್ ಕೂಡ ಬಂದಾಗಲೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದ, ಆದರೆ ಟೆಂಟು ಹರಿದರೆ ತಾನೂ ಇವರ ಮುಂದೆಯೇ ಕೂರುತ್ತಿದ್ದ.

ಇನ್ನೊಂದು ವಿಚಿತ್ರವೆಂದರೆ ಅವರು ಆ ಮರಗಳನ್ನು ನೋಡಲು ಒಮ್ಮೆಯೂ ಹೋಗಿರಲಿಲ್ಲ. ಊರಿಗೆ ಹೋಗುವುದೇ ಅಪರೂಪ. ಹೋದರೂ ಕೋರೆಯ ಕಡೆ ತಲೆ ಹಾಕುತ್ತಿರಲಿಲ್ಲ. ಕೊಟ್ಟವನು ನೋಡಲು ಹೋದರೆ ಪಡೆದವರು ಎದ್ದು ನಿಲ್ಲಬೇಕಾಗುತ್ತದೆ, ಅದು ತನಗೆ ಸೇರುವುದಿಲ್ಲ ಅಂತ. ಫೋಟೋ ತರಿಸಿ ಅಂತ ಹೇಳಿದರೆ ತಂಗಿಯ ಮೇಲೆ ಅನುಮಾನ ಪಟ್ಟ ಹಾಗೆ ಆಗುತ್ತದೆ ಅಂದರು. ನಾನು ಅಕೌಂಟ್ಸ್‌ನವಳು. ನೋಡದೆ ಸಹಿ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಅವರು ಗಿರಾಕಿಗಳಿಗೆ ನಿಮ್ಮ ಮರ ಇಷ್ಟು ಹೊತ್ತಿಗೆ ಹೂ ಬಿಟ್ಟಿರಬೇಕು ಅಂತ ಹೇಳುವುದನ್ನು ಕೇಳಿದರೆ ನಂಬಬೇಕು ಅನ್ನಿಸುತ್ತಿತ್ತು. ನನ್ನ ಪೇರಲವನ್ನು ನಾನೂ ಮನಸ್ಸಿನಲ್ಲಿ ಬೆಳೆಸಿಕೊಂಡಿದ್ದೆ. ಕೋರೆಯ ಕೆಂಪು ಅಂಗಳದಲ್ಲಿ ಯಾರೋ ಹುಡುಗಿ ಲಂಗ ಎತ್ತಿ ಕಟ್ಟಿಕೊಂಡು ಅದನ್ನು ಹತ್ತುತ್ತಿದ್ದಾಳೆ ಅಂತ ಕಣ್ಣಿಗೆ ಕಟ್ಟುತ್ತಿತ್ತು.

ಕೊನೆಗೆ ಆ ಮರಗಳನ್ನು ನೋಡಲು ಹೋದದ್ದು ನಾನೇ. ಅದಕ್ಕೆ ಕಾರಣ ಹಾಜಿ. ಹಾಜಿ ಅಂದರೆ ಇವರ ಹಳೆಯ ಗಿರಾಕಿ, ವಯಸ್ಸಾದ ಬಹ್ರೇನಿ. ಹಳೆಯ ಕಾಲದವನಾದ್ದರಿಂದ ಹಿಂದಿ ಚೆನ್ನಾಗಿ ಮಾತಾಡುತ್ತಿದ್ದ. ಅವನು ಹುಟ್ಟಿದ ಮನೆಯ ಅಂಗಳದಲ್ಲಿ ಒಂದು ಲೌಜ್ ಮರವಿತ್ತಂತೆ, ನಮ್ಮ ಕಡೆ ಕಾಡುಬಾದಾಮಿ ಅನ್ನುವ ಅಗಲ ಎಲೆಯ ಮರ. ಮನೆ ದೊಡ್ಡದು ಮಾಡುವಾಗ ಅದನ್ನು ಕಡಿದರು. ಟೆಂಟು ಕೊಂಡಾಗ ಹಾಜಿ ಹೇಳಿದ್ದು ಲೌಜ್. ಆಮೇಲೆ ಪ್ರತಿ ಚಳಿಗಾಲ ಟೆಂಟಿನ ರಿಪೇರಿಗೆ ಬಂದಾಗ, ನನ್ನ ಮರ ಎಷ್ಟೆತ್ತರ ಆಯಿತು ಅಂತ ಕೇಳುತ್ತಿದ್ದ. ಅಂಕಲ್ ಕೈಯನ್ನು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಮೇಲೆ ಹಿಡಿದು ತೋರಿಸುತ್ತಿದ್ದರು. ಒಂದು ಸಲ ಹಾಜಿ ಕಾಯಿಲೆ ಬಿದ್ದು ಎದ್ದು ಬಂದ. ಸಾಯುವ ಮೊದಲು ಸರಿಯಾದ ಎತ್ತರ ಗೊತ್ತಾಗಬೇಕು, ಅಂದಾಜು ಬೇಡ ಅಂದ. ಅಂಕಲ್ ಮಾತು ಕೊಟ್ಟುಬಿಟ್ಟರು.

“ನೀವು ಮಂಗಳೂರಲ್ಲೇ ಇಳಿದು ಬಸ್ಸು ಹತ್ತುದಲ್ವಾ ಮೇಡಂ,” ಅಂತ ನಾನು ರಜೆಗೆ ಹೊರಟಾಗ ಕೇಳಿದರು. “ಹಾಜಿಯ ಮರವನ್ನು ಒಮ್ಮೆ ನೋಡಿಕೊಂಡು ಬನ್ನಿ. ನನಗೆ ಬೇರೆ ಎಂತ ಬೇಡ, ಎತ್ತರ ಮಾತ್ರ.”

ರಜೆ ಮುಗಿಸಿ ವಿಮಾನ ಹತ್ತುವ ಹಿಂದಿನ ದಿನ ಕೋರೆಗೆ ಅವರ ತಂಗಿಯೇ ರಿಕ್ಷಾದಲ್ಲಿ ಕರೆದುಕೊಂಡು ಹೋದರು. ಕಲ್ಲು ಕಡಿದು ಕಡಿದು ನೆಲ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಮೇಲಿನ ದಂಡೆಯಲ್ಲಿ ಶೀಟು ಹೊದಿಸಿದ ಸಾಲುಮನೆಗಳು. ನಾನು ಸುತ್ತ ನೋಡಿದೆ. ಒಂದು ಮರವೂ ಇರಲಿಲ್ಲ. ಬೋಳು ಕೆಂಪು ನೆಲ, ಮೇಲೆ ಬಿಸಿಲು. ಎಷ್ಟೋ ಟೆಂಟು, ಎಷ್ಟೋ ಹಣ್ಣಿನ ಹೆಸರು, ಎಲ್ಲ ಎಲ್ಲಿಗೆ ಹೋಯಿತು? ಪಕ್ಕದಲ್ಲಿ ನಿಂತಿದ್ದ ತಂಗಿಯ ಮುಖ ನೋಡಿದೆ. ಆಕೆ ಏನೂ ಆಗದವರಂತೆ ಬೆವರು ಒರೆಸಿಕೊಳ್ಳುತ್ತಿದ್ದರು.

ಆಮೇಲೆ ಕಂಡಿತು. ಮನೆಗಳ ಹಿಂದೆ, ಗೋಡೆಗೆ ಒತ್ತಿ, ಪೇಂಟಿನ ಡಬ್ಬಿ, ಒಡೆದ ಕೊಡ, ಸಿಮೆಂಟಿನ ಚೀಲ, ಅರ್ಧ ಕತ್ತರಿಸಿದ ಡ್ರಮ್ಮು, ಎಲ್ಲದರಲ್ಲೂ ಒಂದೊಂದು ಗಿಡ. ದಾಳಿಂಬೆ, ಅಂಜೂರ, ಮಾವು, ಚಿಕ್ಕು. ಎಲ್ಲ ಬದುಕಿದ್ದವು, ಎಲ್ಲ ಗಿಡ್ಡ. ನನ್ನ ಮಾತಿನ ರಾಗ ಕೇಳಿ ಒಬ್ಬ ಹೆಂಗಸು ಹೊರಗೆ ಬಂದಳು. ಬಾದಾಮಿ ಕಡೆಯವಳಂತೆ. ತವರಿನವರು ಸಿಕ್ಕಿದ ಹಾಗೆ ಕೈ ಹಿಡಿದುಕೊಂಡಳು. ನೆಲದಲ್ಲಿ ಯಾಕೆ ನೆಟ್ಟಿಲ್ಲ ಅಂತ ಕೇಳಿದೆ.

“ಮೊದಲ್ನೇ ವರ್ಸ ನೆಲಕ್ಕ ಹಚ್ಚಿದ್ವಿರೀ ಅಕ್ಕಾರ,” ಅಂದಳು. “ಜಾಗದ ಧಣ್ಯಾರು ಬಂದು, ಗಿಡ ಇರಬೇಕೋ ನೀವಿರಬೇಕೋ ಅಂದ್ರು. ಗಿಡ ಬೆಳೆದ್ರ ಜಾಗಾ ನಮ್ದು ಅಂತೀವಿ ಅಂತ ಅವರಿಗೆ ಅಂಜಿಕಿ. ಕಿತ್ತು ಡಬ್ಬ್ಯಾಗ ಹಾಕಿದ್ವಿ. ಈಗ ಎಬ್ಬಿಸಿದ್ರ ನಮ್ಮ ಕೂಡ ಬರ್ತಾವು.”

ಅಷ್ಟರಲ್ಲೇ ಎರಡು ಸಲ ಎಬ್ಬಿಸಿಯೂ ಆಗಿತ್ತಂತೆ. ಪಾತ್ರೆ, ಕೋಳಿ, ಮಕ್ಕಳ ಜೊತೆಗೆ ಗಿಡಗಳನ್ನೂ ಹೊತ್ತುಕೊಂಡು ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಬಂದಿದ್ದರು. ಹಾಜಿಯ ಲೌಜ್ ನೀಲಿ ಡ್ರಮ್ಮಿನಲ್ಲಿತ್ತು. ನನ್ನ ಭುಜದವರೆಗೆ ಬಂದು ನಿಂತುಬಿಟ್ಟಿತ್ತು, ಎಲೆ ಮಾತ್ರ ತಟ್ಟೆಯಷ್ಟು ಅಗಲ. ನನ್ನ ಪೇರಲ ಬಕೆಟ್ಟಿನಲ್ಲಿದ್ದುಕೊಂಡೇ ಕಾಯಿ ಬಿಟ್ಟಿತ್ತು. ಅವಳು ಒಂದು ಹಣ್ಣು ಕಿತ್ತು ಉಡಿಗೆ ಹಾಕಿದಳು. ದಾರಿಯಲ್ಲಿ ತಂಗಿಯನ್ನು ಕೇಳಿದೆ, ಇದನ್ನು ಅಣ್ಣನಿಗೆ ಯಾಕೆ ಹೇಳಲಿಲ್ಲ ಅಂತ. ಆಕೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಇಲ್ಲಿಯವರಿಗೆಲ್ಲ ಗೊತ್ತಿರುವ ವಿಷಯ, ಅದರಲ್ಲಿ ಹೇಳುವುದೇನು ಅಂದರು.

ಬಹ್ರೇನಿಗೆ ಹಿಂದಿರುಗಿ ಅಂಗಡಿಗೆ ಹೋದವಳು ಮೊದಲು ಹಣ್ಣು ಕೊಟ್ಟೆ. ಆಮೇಲೆ ಎಲ್ಲ ಹೇಳಿದೆ. ಅವರು ದಾರವನ್ನು ಬಾಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಷ್ಟು ವರ್ಷದಲ್ಲಿ ಕೆಲಸದ ಮಧ್ಯೆ ಅವರು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

“ನೆಲದಲ್ಲಿ ಒಂದೂ ಇಲ್ವಾ?”

“ಒಂದೂ ಇಲ್ಲ ಅಂಕಲ್.”

ಹಣ್ಣನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಹೇಳಿದರು: “ನನ್ನ ಅಮ್ಮನ ಮಲ್ಲಿಗೆ ಒಡೆದ ಮಡಕೆಯಲ್ಲಿ ಇತ್ತು. ಧಣಿಗಳ ಜಾಗ. ಒಕ್ಕಲಿನವ ನೆಟ್ಟ ತೆಂಗು ನಾಳೆ ಕೋರ್ಟಲ್ಲಿ ಸಾಕ್ಷಿ ಹೇಳ್ತದೆ ಅಂತ ಅವರಿಗೆ ಹೆದರಿಕೆ, ನೆಡ್ಲಿಕ್ಕೆ ಬಿಡ್ತಿರಲಿಲ್ಲ. ಮನೆ ಬಿಡುವಾಗ ಅಮ್ಮ ಆ ಮಡಕೆಯನ್ನು ಸೊಂಟದಲ್ಲಿ ಇಟ್ಟುಕೊಂಡು ನಡೆದದ್ದು, ನಾನು ಹಿಂದೆ. ಇದು ನನಗೆ ಗೊತ್ತಿದ್ದ ವಿಷಯ ಮೇಡಂ. ಹೇಗೆ ಮರೆತೆ ನಾನು?”

ಅವರು ಮರೆತದ್ದು ಮೂವತ್ತು ವರ್ಷ ಇಲ್ಲಿ ರಸ್ತೆಯ ಬದಿಯಲ್ಲಿ ಪೈಪಿನ ನೀರು ಕುಡಿದು ಬೆಳೆಯುವ ಗಿಡಗಳನ್ನೇ ನೋಡಿದ್ದಕ್ಕೋ ಏನೋ. ಅಥವಾ ದೂರದಲ್ಲಿದ್ದವರಿಗೆ ಊರು ಅನ್ನುವುದು ಯಾರದೂ ಅಲ್ಲದ ಬಯಲಾಗಿ ಕಾಣುತ್ತದೆಯೋ ಏನೋ. ನನಗೂ ಹೊಳೆಯಬೇಕಿತ್ತಲ್ಲ, ಹೊಳೆಯಲಿಲ್ಲ.

ಆ ಚಳಿಗಾಲ ಅವರು ಬಂದ ಹಳೆಯ ಗಿರಾಕಿಗಳಿಗೆಲ್ಲ ನಿಜ ಹೇಳಿದರು. ನಿಮ್ಮ ಮರ ನೆಲದಲ್ಲಿಲ್ಲ, ಡಬ್ಬಿಯಲ್ಲಿದೆ, ನಾನು ಇಷ್ಟು ದಿನ ಹೇಳಿದ್ದು ತಪ್ಪು ಅಂತ. ಕೆಲವರು ನಕ್ಕರು. ಹೆಚ್ಚಿನವರಿಗೆ ತಾವು ಯಾವ ಹಣ್ಣು ಹೇಳಿದ್ದೆವು ಅಂತಲೇ ನೆನಪಿರಲಿಲ್ಲ. ನಮ್ಮವರೊಬ್ಬರು ಇದು ಮೋಸ ಅಂದರು. ಅಂಕಲ್ ಹೌದು ಅಂದರು. ಹಾಜಿ ಬಂದ ದಿನ ನಾನೂ ಅಲ್ಲಿದ್ದೆ. ಎತ್ತರ ಭುಜದವರೆಗೆ, ಆದರೆ ಡ್ರಮ್ಮಿನಲ್ಲಿ ಅಂತ ಅಂಕಲ್ ಹೇಳಿದಾಗ ಹಾಜಿ ಬಹಳ ಹೊತ್ತು ಗಡ್ಡ ನೀವಿಕೊಂಡ. ಸೀಸನ್ ಮುಗಿದರೆ ನಾವೂ ಗೂಟ ಕಿತ್ತು ಖಲಾಸ್ ಅಂತ ಏಳುತ್ತೇವೆ, ಮರವೂ ಕಲಿಯಲಿ ಬಿಡು ಅಂದ. ಬಾಗಿಲವರೆಗೆ ಹೋಗಿ ತಿರುಗಿ ನಿಂತು, ಆದರೆ ನಮಗೆ ವಾಪಸು ಹೋಗಲು ಮನೆ ಇದೆ ಅಂದ. ಅವನು ಸಮಾಧಾನ ಮಾಡಿದನೋ ಬೈದನೋ ನಮಗಿಬ್ಬರಿಗೂ ತಿಳಿಯಲಿಲ್ಲ.

ಒಂದಷ್ಟು ಕಾಲ ಅವರು ಯಾರಿಗೂ ಹಣ್ಣಿನ ಹೆಸರು ಕೇಳಲಿಲ್ಲ. ಆಮೇಲೆ ಒಂದು ದಿನ ಹೋದರೆ, ರಿಪೇರಿಗೆ ಆಗದ ಟೆಂಟುಗಳ ಬಟ್ಟೆ ಕತ್ತರಿಸಿ ಏನನ್ನೋ ಹೊಲಿಯುತ್ತಿದ್ದರು. ಚೀಲ. ಎರಡು ಪದರ ಬಟ್ಟೆ, ತಳದಲ್ಲಿ ನೀರು ಇಳಿಯಲು ಟೆಂಟಿನದೇ, ಹಗ್ಗ ತೂರಿಸುವ ಹಿತ್ತಾಳೆಯ ಕಣ್ಣುಗಳು, ಸುತ್ತ ನಾಲ್ಕು ಹಿಡಿಕೆ. ನಾಲ್ಕು ಯಾಕೆ ಅಂದೆ. ಮರ ದೊಡ್ಡದಾದ ಮೇಲೆ ಇಬ್ಬರಿಂದ ಎತ್ತಲು ಆಗಲಿಕ್ಕಿಲ್ಲ ಅಂದರು. ನನಗೆ ಸಿಟ್ಟು ಬಂತು. ಆ ಜನಕ್ಕೆ ಬೇಕಾದದ್ದು ನೆಲ, ನೀವು ಅವರಿಗೆ ಹೊರುವ ವ್ಯವಸ್ಥೆ ಮಾಡಿಕೊಡುತ್ತಿದ್ದೀರಿ, ಇದು ಯಾವ ಸೀಮೆಯ ಪರಿಹಾರ ಅಂತ ದಬಾಯಿಸಿದೆ.

“ಪರಿಹಾರ ಅಂತ ನಾನು ಎಲ್ಲಿ ಹೇಳಿದೆ ಮೇಡಂ,” ಅಂದರು. “ಇದು ಚೀಲ.”

ಊರಿಗೆ ಹೋಗುವ ಮಂಗಳೂರಿನವರ ಸೂಟ್‌ಕೇಸುಗಳಲ್ಲಿ, ಹಾಲಿನಪುಡಿ, ಸಾಬೂನುಗಳ ಅಡಿಯಲ್ಲಿ ಆ ಚೀಲಗಳು ಮಡಚಿಕೊಂಡು ಹೋದವು. ಗೊಣಗುತ್ತಲೇ ನಾನೂ ಒಯ್ದೆ. ಅಂಗಡಿಯಲ್ಲಿ ಮತ್ತೆ ಹಣ್ಣಿನ ಪ್ರಶ್ನೆ ಶುರುವಾಯಿತು. ಈಗ ಕೇಳಿದವರಿಗೆ ಪೂರ್ತಿ ಹೇಳುತ್ತಿದ್ದರು: ಮರ ಬರುತ್ತದೆ, ನೆಲ ಸಿಕ್ಕಿಲ್ಲ. ನಾನು ತಂದುಕೊಟ್ಟ ಪೇರಲವನ್ನು ಅವರು ಉಪ್ಪು ಹಚ್ಚಿಕೊಂಡು ತಿಂದಿದ್ದರು, ಬೀಜ ಎಸೆದಿರಲಿಲ್ಲ. ಅದರಿಂದ ಎಬ್ಬಿಸಿದ ಒಂದು ಸಸಿಯನ್ನು ಒಂದು ಚೀಲದಲ್ಲಿಟ್ಟು ನಮ್ಮ ಬಾಲ್ಕನಿಗೆ ತಂದುಕೊಟ್ಟರು. ಬಾಡಿಗೆ ಮನೆ, ಗೊತ್ತಲ್ವಾ ಅಂದರು.

ಎರಡು ಸಾವಿರದ ಹದಿನೈದರ ಸುಮಾರಿಗೆ ಒಂದು ಬೇಸಗೆಯಲ್ಲಿ ಅವರು ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದರು, ಹೊರಗೆ ಬರಲಿಲ್ಲ. ಇಲ್ಲೇ ಮಣ್ಣು ಮಾಡುವುದೋ ಊರಿಗೆ ಕಳಿಸುವುದೋ ಅಂತ ಅವರು ಏನೂ ಹೇಳಿಟ್ಟಿರಲಿಲ್ಲ. ಬದುಕಿನ ಹೆಚ್ಚಿನ ಪಾಲು ಇಲ್ಲಿ ಕಳೆದವರು, ಹೆಂಡತಿಯ ಸಮಾಧಿ ಊರಲ್ಲಿ. ಅವರ ಚರ್ಚಿನವರು, ನಾವು, ಅರ್ಬಾಬ್, ಎಲ್ಲ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮಾತಾಡಿದೆವು, ಯಾರಿಗೂ ಧೈರ್ಯವಾಗಲಿಲ್ಲ. ಕೊನೆಗೆ ತಂಗಿ ಫೋನಿನಲ್ಲಿ, ಅಣ್ಣನನ್ನು ಮನೆಗೆ ಕಳಿಸಿಕೊಡಿ ಅಂದರು.

ಅಲ್ಲಿ ಏನಾಯಿತು ಅಂತ ಆಮೇಲೆ ತಂಗಿಯೇ ಫೋನಿನಲ್ಲಿ ಹೇಳಿದರು. ಮಣ್ಣು ಕೊಟ್ಟ ಮರುದಿನ ಕೋರೆಯ ಜನ ಚರ್ಚಿನ ಗೇಟಿಗೆ ಬಂದು ನಿಂತಿದ್ದರಂತೆ. ಜೊತೆಗೆ ಹಾಜಿಯ ಲೌಜ್, ಡ್ರಮ್ಮಿನಿಂದ ಚೀಲಕ್ಕೆ ಬಂದದ್ದು, ನಾಲ್ಕು ಜನ ನಾಲ್ಕು ಹಿಡಿಕೆ ಹಿಡಿದುಕೊಂಡು. ಇಲ್ಲಿಂದ ಯಾರೂ ಎಬ್ಬಿಸೂದಿಲ್ಲಲ್ರೀ ಟೀಚರ್ ಅಂತ ಆ ಬಾದಾಮಿಯ ಹೆಂಗಸು ಕೇಳಿದಳಂತೆ. ತಂಗಿ ಪಾದ್ರಿಗಳನ್ನು ಕೇಳಿ ಬಂದು, ಸಮಾಧಿಯ ತಲೆಯ ಬದಿಯಲ್ಲಿ ನೆಡಿಸಿದರು.

ಇದನ್ನು ಕೇಳಿದವರೆಲ್ಲ ಎಷ್ಟು ಚಂದ ಅಂದರು. ನನಗೆ ಚಂದ ಅನ್ನಿಸಲಿಲ್ಲ. ಅಡುಗೆಮನೆಯಲ್ಲಿ ಕೂತು ಅತ್ತೆ, ಅಳುತ್ತಲೇ ಸಿಟ್ಟು ಬಂತು. ಒಂದು ಮರಕ್ಕೆ ನೆಲ ಸಿಗಬೇಕಾದರೆ ಒಬ್ಬರು ಸಾಯಬೇಕೇ? ಉಳಿದ ಗಿಡಗಳಿಗೆ ಯಾರು ಸಾಯಬೇಕು? ಅವರು ಮಾಡಿದ್ದು ಸರಿಯೋ, ಬಿಟ್ಟಿದ್ದರೆ ಸರಿಯಿತ್ತೋ, ಆ ಹಸಿರು ಕಾರ್ಡಿನ ಕಂಪನಿಯ ಹಾಗೆ ಅಡ್ರೆಸ್ಸಿಲ್ಲದ ಮರ ನೆಟ್ಟು ನೆಮ್ಮದಿಯಾಗಿ ಮಲಗುವುದೇ ಮೇಲೋ, ನನಗೆ ಇವತ್ತಿಗೂ ತಿಳಿಯುವುದಿಲ್ಲ. ತಿಳಿದದ್ದು ಇಷ್ಟೇ: ನಾನು ಏನನ್ನೇ ಕೊಟ್ಟರೂ ಈಗ ಮೊದಲು ಕೇಳುವುದು, ಇದನ್ನು ಇಟ್ಟುಕೊಳ್ಳಲು ನಿಮಗೆ ಜಾಗ ಇದೆಯೇ ಅಂತ. ಅದು ಅವರಿಂದ ಬಂದದ್ದು.

ಚಳಿಗಾಲ ಬಂದಾಗ ಅವರ ಅಂಗಡಿಯಲ್ಲಿ ಮೊಬೈಲು ಮಾರುವವರು ಬಂದು ಕೂತಿದ್ದರು. ತರಕಾರಿ ಹಿಡಿದುಕೊಂಡು ಬರುವಾಗ ಹಾಜಿ ಟೆಂಟಿನ ಗಂಟು ಕಂಕುಳಲ್ಲಿಟ್ಟುಕೊಂಡು ಹೊರಗೆ ನಿಂತಿದ್ದ. ನಾನು ಎಲ್ಲ ಹೇಳಿದೆ. ಅವನು ಕಣ್ಣು ಮುಚ್ಚಿ ಏನೋ ಪ್ರಾರ್ಥನೆ ಹೇಳಿಕೊಂಡ. ಆಮೇಲೆ, ಆ ಜಾಗದಿಂದ ಎಬ್ಬಿಸುವುದಿಲ್ಲ ತಾನೇ ಅಂತ ಕೇಳಿದ, ಥೇಟ್ ಆ ಹೆಂಗಸು ಕೇಳಿದ ಹಾಗೆ. ಇಲ್ಲ ಅಂದೆ. ಎಷ್ಟೆತ್ತರ ಅಂದ. ನೋಡಿಲ್ಲವಲ್ಲ, ಭುಜದ ಮಟ್ಟಕ್ಕೆ ಕೈ ಹಿಡಿದೆ. ಅವನು ನನ್ನ ಕೈ ನೋಡಿ ತಲೆಯಾಡಿಸಿ, ತನ್ನ ಕೈಯನ್ನು ತಲೆಗಿಂತ ಮೇಲೆ, ಎಟಕುವಷ್ಟು ಮೇಲೆ ಎತ್ತಿ ಹಿಡಿದ. ಈಗ ನೆಲದಲ್ಲಿದೆಯಲ್ಲ ಅಂದ.

ನಮ್ಮ ಬಾಲ್ಕನಿಯ ಪೇರಲ ಇನ್ನೂ ಚೀಲದಲ್ಲೇ ಇದೆ. ಅದಾದ ಮೇಲೆ ಎರಡು ಮನೆ ಬದಲಾಯಿಸಿದ್ದೇವೆ, ಅದೂ ಬಂದಿದೆ. ನಾವು ಇಲ್ಲಿಂದ ಹೊರಡುವ ದಿನ ಅದನ್ನು ಎಲ್ಲಿ ಬಿಡುವುದು ಅಂತ ಯೋಚಿಸಿದರೆ ತಲೆ ಕೆಡುತ್ತದೆ. ಹೋದ ವಾರ ಚೀಲದ ಒಂದು ಹಿಡಿಕೆಯ ಹೊಲಿಗೆ ಬಿಟ್ಟಿತ್ತು. ದಬ್ಬಳ ತಂದು, ದಾರಕ್ಕೆ ಮೇಣ ತಿಕ್ಕಿ, ತುದಿಯನ್ನು ಬಾಯಲ್ಲಿಟ್ಟುಕೊಂಡು ನಾನೇ ಕೂತು ಹೊಲಿದೆ. ಬಲಗೈ ಹೆಬ್ಬೆರಳಿನ ಉಗುರು ಇನ್ನೂ ನೋಯುತ್ತಿದೆ.